ಸೋತವರ ಲೆಕ್ಕ

ಹಾಕಿ ನೋಡಲು ಕೂತವರ ನಡುವೆ ಗಣಿತದ ಪ್ರಶ್ನೆ ಎತ್ತುವುದು ಒಳ್ಳೆಯ ಅಭ್ಯಾಸವೇನಲ್ಲ. ಆದರೂ ಒಂದು ಪ್ರಶ್ನೆಯನ್ನು ಕೊಡಗಿನಲ್ಲಿ ಧೈರ್ಯವಾಗಿ ಕೇಳಬಹುದು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ ಹೆಸರು ಕೊಟ್ಟಿದ್ದ ಕುಟುಂಬಗಳು 396. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಎಲ್ಲರೂ ಆಡಿದರೆ ಒಟ್ಟು ಎಷ್ಟು ಪಂದ್ಯ ಬೇಕು?

ಕೇಳಿದ್ದೇ ತಡ, ಪಕ್ಕದವರು ಅರ್ಧ ಅರ್ಧ ಮಾಡುತ್ತಾ ಹೋಗುತ್ತಾರೆ. 198, 99, ಅಲ್ಲಿಗೆ ಗಾಡಿ ನಿಲ್ಲುತ್ತದೆ. ಸ್ವಲ್ಪ ತಿಳಿದವರಾದರೆ 512ರಿಂದ ಇಳಿಯುತ್ತಾರೆ. 396 ಅದಕ್ಕೆ 116 ಕಡಿಮೆ, ಆದ್ದರಿಂದ 116 ತಂಡಗಳಿಗೆ ಬೈ, ಆಡದೆಯೇ ಮುಂದಿನ ಸುತ್ತು. ಉಳಿದ 280 ತಂಡಗಳು 140 ಪಂದ್ಯ ಆಡಿದರೆ ಎರಡನೇ ಸುತ್ತಿಗೆ ಸರಿಯಾಗಿ 256. ಆಮೇಲೆ 128, 64, 32 ಎಂದು ಕೂಡುತ್ತಾ ಬಂದು, ಅಷ್ಟರಲ್ಲಿ ಎದುರಿಗೆ ಒಂದು ಗೋಲು ಆಗಿಹೋಗಿ, ಕೊನೆಗೆ 395 ಎನ್ನುತ್ತಾರೆ. ಉತ್ತರ ಸರಿ, ಬೆವರು ದಂಡ. ಒಂದು ಪಂದ್ಯಕ್ಕೆ ಒಂದು ಕುಟುಂಬ ಮನೆಗೆ ಹೋಗುತ್ತದೆ. ಕೊನೆಗೆ ಒಂದೇ ಉಳಿಯಬೇಕಾದರೆ 395 ಕುಟುಂಬ ಸೋಲಬೇಕು, ಸೋಲಿಗೊಂದು ಪಂದ್ಯ. ಬೈ ಯಾರಿಗೆ ಕೊಟ್ಟರೂ, ಡ್ರಾ ಹೇಗೆ ಎತ್ತಿದರೂ ಈ ಲೆಕ್ಕ ಅಲುಗುವುದಿಲ್ಲ. ಗೆದ್ದವರನ್ನು ಬಿಟ್ಟು ಸೋತವರನ್ನು ಎಣಿಸಿದರೆ ಆಯಿತು. ಅವರನ್ನು ಯಾರೂ ಎಣಿಸುವುದಿಲ್ಲ ಎಂಬುದೇ ತೊಂದರೆ.

ಹೊರಗಿನವರಿಗೆ ಕೊಡವ ಕುಟುಂಬಗಳ ಈ ಹಾಕಿ ನಮ್ಮೆಯ, ಅಂದರೆ ಹಾಕಿ ಹಬ್ಬದ, ಬಗ್ಗೆ ಎರಡು ಮಾತು ಹೇಳಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ಆಗಿ, ಗಿನ್ನೆಸ್‌ನವರು ಬಂದು ದಾಖಲೆ ಬರೆದುಕೊಂಡರು. ಒಂದು ಒಕ್ಕಕ್ಕೆ, ಅಂದರೆ ಒಂದು ಮನೆತನಕ್ಕೆ, ಒಂದು ತಂಡ. ಬೇರೆ ಊರುಗಳಲ್ಲಿ ಅಂಗಿಯ ಬೆನ್ನ ಮೇಲೆ ಆಟಗಾರನ ಹೆಸರು ಮುಖ್ಯ, ಇಲ್ಲಿ ಮನೆತನದ ಹೆಸರು. ಮ್ಯೂನಿಕ್‌ನಲ್ಲಿ 1972ರ ಕಂಚು ಗೆದ್ದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ ಇವರೆಲ್ಲ ಇದೇ ಜನ ಎಂದು ಹೇಳಿಕೊಳ್ಳುವುದು ನಮಗೆ ಇಷ್ಟ. ಆದರೆ ಮೊದಲ ಸುತ್ತುಗಳ ಸೊಗಸು ಬೇರೆ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ದೊಡ್ಡಪ್ಪ ಹಿಂದೆ ಬ್ಯಾಕ್‌ನಲ್ಲಿ ನಿಂತಿರುತ್ತಾರೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ ಮಗಳು ರೈಟ್ ವಿಂಗ್. ಎಂಟನೇ ಕ್ಲಾಸಿನ ಹುಡುಗ ಚೆಂದವಾಗಿ ಪಾಸ್ ಕೊಡುತ್ತಾನೆ, ಮಾವ ಅದನ್ನು ಗಾಂಭೀರ್ಯದಿಂದ ಬಿಟ್ಟುಬಿಡುತ್ತಾರೆ. ಮೈಕಿನಲ್ಲಿ ಕೊಡವ ತಕ್ಕಿನಲ್ಲಿ ವೀಕ್ಷಕ ವಿವರಣೆ. ಚೆಂಡು ಬಿಟ್ಟವರು ಯಾರ ಮಗ, ಯಾರ ಅಳಿಯ ಎಂಬುದು ಊರಿಗೆಲ್ಲ ತಿಳಿಯುತ್ತದೆ.

ಆಟ ಬಂದದ್ದು ಆಂಗ್ಲರಿಂದ, ಮುಖ್ಯವಾಗಿ ಪಲ್ಟಣದ ಮೂಲಕ. ಲಂಡನ್ನಿನಲ್ಲಿ ಹಾಕಿ ಅಸೋಸಿಯೇಷನ್ ಹುಟ್ಟಿದ್ದು 1886ರಲ್ಲಿ. ಕೊಡಗು ಅದಕ್ಕೆ ಅರ್ಧ ಶತಮಾನ ಮೊದಲೇ, 1834ರಲ್ಲಿ, ಕಂಪನಿಯ ಕೈಗೆ ಹೋಗಿತ್ತು. ಆಟ ಕಲಿಸಿದ ದೇಶದಲ್ಲಿ ಮೇ ತಿಂಗಳಿಗೆ ನಾನೂರು ಮನೆತನ ಸ್ಟಿಕ್ ಹಿಡಿದು ಮೈದಾನಕ್ಕೆ ಇಳಿಯುವುದಿಲ್ಲ. ಅಲ್ಲಿಯವರು ನಾಕೌಟ್ ಪದ್ಧತಿಯ ಬಗ್ಗೆ ಜಗಳ ಆಡಿದರು, ಅದೂ ಒಂದು ಆಟವೇ.

ಆ ಜಗಳ ತೆಗೆದವರು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್. ಮದುವೆಯಾಗದ, ಮಾತು ತೊದಲುವ, ಫೋಟೋ ತೆಗೆಯುವ ಹುಚ್ಚಿನ ಮನುಷ್ಯ. ಲೋಕಕ್ಕೆ ಅವರು ಲೂಯಿಸ್ ಕ್ಯಾರೊಲ್. ಮೊಲದ ಬಿಲದಲ್ಲಿ ಬಿದ್ದ ಆಲಿಸ್ಸಳ ಕಥೆ 1865ರಲ್ಲಿ ಹೊರಬಂತು. ನಮ್ಮ ನಾ. ಕಸ್ತೂರಿಯವರು ಅದನ್ನು ಕನ್ನಡಕ್ಕೆ ಇಳಿಸುವಾಗ ಆಕೆಯನ್ನು ಪಾಪಚ್ಚಿ ಮಾಡಿ ಪಾತಾಳಕ್ಕೆ ಕಳಿಸಿದರು. ವಿಕ್ಟೋರಿಯಾ ರಾಣಿ ಆಲಿಸ್ ಓದಿ ಮೆಚ್ಚಿ, ಈ ಲೇಖಕರ ಮುಂದಿನ ಪುಸ್ತಕವನ್ನೂ ನನಗೆ ಕಳಿಸಿ ಎಂದರಂತೆ, ಬಂದದ್ದು ಬೀಜಗಣಿತದ ದಪ್ಪ ಗ್ರಂಥವಂತೆ. ಡಾಡ್ಜ್‌ಸನ್ 1896ರಲ್ಲಿ ಅಚ್ಚಿನಲ್ಲೇ ಇದು ಶುದ್ಧ ಸುಳ್ಳು ಎಂದು ಬರೆದರು. ಯಾರೂ ನಂಬಲಿಲ್ಲ. ಇಷ್ಟು ಒಳ್ಳೆಯ ಸುಳ್ಳನ್ನು ಒಬ್ಬ ಗಣಿತಜ್ಞನ ಮಾತಿಗಾಗಿ ಬಿಡುವುದುಂಟೇ?

ರಾಣಿಯ ಹೆಸರು ಬಂದದ್ದರಿಂದ ಇನ್ನೊಂದು ಹುಡುಗಿಯ ನೆನಪು. ಆಲಿಸ್ ಕನಸಿನಲ್ಲಿ ರಾಣಿಯ ಅಂಗಳಕ್ಕೆ ಹೋದಳು, ನಮ್ಮ ಕೊಡಗಿನ ಗೌರಮ್ಮ ನಿಜವಾಗಿಯೇ ಹೋದಳು. ಪದಚ್ಯುತ ದೊರೆ ಚಿಕವೀರ ರಾಜೇಂದ್ರನ ಮಗಳು, 1841ರಲ್ಲಿ ಕಾಶಿಯಲ್ಲಿ ಹುಟ್ಟಿದವಳು. 1852ರ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು, ರಾಣಿಯೇ ಧರ್ಮಮಾತೆ, ಹೆಸರೂ ವಿಕ್ಟೋರಿಯಾ ಗೌರಮ್ಮ. ಹನ್ನೊಂದು ವರ್ಷದ ಹುಡುಗಿ ಆ ಅರಮನೆಯಲ್ಲಿ ಕಂಡದ್ದನ್ನು ಬರೆದಿದ್ದರೆ ಕ್ಯಾರೊಲ್‌ಗೂ ಹೊಟ್ಟೆಕಿಚ್ಚಾಗುತ್ತಿತ್ತೇನೋ. ಆಲಿಸ್ ಅಚ್ಚಾಗುವ ಹಿಂದಿನ ವರ್ಷವೇ, 1864ರಲ್ಲಿ, ಅವಳು ತೀರಿಹೋದಳು. ಆ ಕಥೆಗೆ ಎಚ್ಚರವಾಗುವ ಕೊನೆ ಇರಲಿಲ್ಲ.

ಜಗಳಕ್ಕೆ ಬರೋಣ. ವಿಂಬಲ್ಡನ್ ಶುರುವಾಗಿ ಆರು ವರ್ಷ, 1883. ಡಾಡ್ಜ್‌ಸನ್ ಒಂದು ಲಾನ್ ಟೆನಿಸ್ ಪಂದ್ಯಾವಳಿ ನೋಡಲು ಹೋಗಿದ್ದಾಗ ಆಟಗಾರನೊಬ್ಬ ಗೋಳಾಡುತ್ತಿದ್ದ. ಅವನು ಮೊದಲ ಸುತ್ತುಗಳಲ್ಲೇ ಸೋತು ಹೊರಬಿದ್ದಿದ್ದ, ಅವನಿಗಿಂತ ಕಳಪೆ ಆಟಗಾರ ಎರಡನೇ ಬಹುಮಾನ ಹೊತ್ತುಕೊಂಡು ಹೋಗಿದ್ದ. ನಾವಾಗಿದ್ದರೆ ಒಂದು ಕಾಫಿ ಕುಡಿಸಿ ಸಮಾಧಾನ ಹೇಳುತ್ತಿದ್ದೆವು. ಮೇಷ್ಟ್ರು ಕಿರುಹೊತ್ತಗೆ ಬರೆದರು. 32 ಜನರ ನಾಕೌಟ್‌ನಲ್ಲಿ ನಿಜವಾಗಿ ಎರಡನೇ ಸ್ಥಾನಕ್ಕೆ ಯೋಗ್ಯನಾದವನು ಎರಡನೇ ಬಹುಮಾನ ಪಡೆಯುವ ಸಾಧ್ಯತೆ 31ರಲ್ಲಿ 16 ಮಾತ್ರ ಎಂದು ತೋರಿಸಿದರು. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ನ್ಯಾಯ ಸಿಗುತ್ತದೆ.

ಇದೇನು ಮಾಯದ ಲೆಕ್ಕವಲ್ಲ, ಸ್ಕೋರ್ ಹಾಳೆಯ ಹಿಂಬದಿಯಲ್ಲಿ ಹಾಕಬಹುದು. ಡ್ರಾದ ಪಟ್ಟಿಯನ್ನು ಮಧ್ಯಕ್ಕೆ ಮಡಚಿ. ಎಲ್ಲರಿಗಿಂತ ಬಲಶಾಲಿಯಾದ ತಂಡ ಒಂದು ಅರ್ಧದಲ್ಲಿರುತ್ತದೆ. ಎರಡನೇ ಬಲಶಾಲಿ ಅದೇ ಅರ್ಧಕ್ಕೆ ಬಿದ್ದಿದ್ದರೆ ಮುಗಿಯಿತು, ಎಂದೋ ಒಂದು ದಿನ ಅದು ಮೊದಲನೆಯವರ ಎದುರಿಗೇ ಬೀಳುತ್ತದೆ, ಫೈನಲ್ ಕಾಣುವುದಿಲ್ಲ. ಬೈ ಸೇರಿಸಿ 512 ಜಾಗದ ಪಟ್ಟಿಯಲ್ಲಿ ಎಲ್ಲವೂ ಚೀಟಿ ಎತ್ತಿದಂತೆ ಹಂಚಿಹೋದರೆ ಅದು ಎದುರಿನ ಅರ್ಧದಲ್ಲಿರುವ ಸಾಧ್ಯತೆ 511ಕ್ಕೆ 256. ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಂದರೆ ರನ್ನರ್ ಅಪ್ ಎಂದು ಟ್ರೋಫಿ ಹಿಡಿದು ಫೋಟೋಗೆ ನಿಂತ ಕುಟುಂಬ ನಿಜವಾಗಿ ಎರಡನೆಯದೋ ಅಲ್ಲವೋ ಎಂಬುದು ಹತ್ತಿರ ಹತ್ತಿರ ಅರ್ಧಕ್ಕರ್ಧ. ಎರಡನೇ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿದವರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಬಹುದು. ಈಗಲೂ ಅವರು ಸುಮ್ಮನಿರುವುದಿಲ್ಲ. “ನಮ್ಮನ್ನು ಸೋಲಿಸಿದವರು ಸೆಮಿಗೆ ಹೋದರು” ಎನ್ನುವ ಮಾತು ನಮ್ಮೆ ಮುಗಿದು ಮಳೆ ಹಿಡಿದ ಮೇಲೂ ಪೋರ್ಟಿಕೋಗಳಲ್ಲಿ ಕೇಳುತ್ತಲೇ ಇರುತ್ತದೆ.

ಡಾಡ್ಜ್‌ಸನ್ ಕೊಟ್ಟ ಮದ್ದು ಕೂಡ ಇದೇ ಮಾತಿನ ಮೇಲೆ ನಿಂತಿದೆ. ನಿನ್ನನ್ನು ಸೋಲಿಸಿದವನು ನಿನಗಿಂತ ಮೇಲು. ಅವನನ್ನು ಸೋಲಿಸಿದವನೂ ನಿನಗಿಂತ ಮೇಲು, ನೀನು ಅವನೊಂದಿಗೆ ಆಡದಿದ್ದರೂ ಸರಿ. ಹೀಗೆ ಮೇಲಿನವರು ಮೂವರಾಗುವ ತನಕ ನಿನ್ನನ್ನು ಹೊರಗೆ ಹಾಕುವಂತಿಲ್ಲ. ಮೂರು ಬಹುಮಾನಗಳೂ ಸರಿಯಾದವರಿಗೇ ಸಲ್ಲುತ್ತವೆ. ಮದುವೆಮನೆಯಲ್ಲಿ ಅಜ್ಜಿಯಂದಿರು ಸಂಬಂಧ ಬಿಡಿಸುವ ಹಾಗೆ ಅವನಿಂದ ಇವನು, ಇವನಿಂದ ಮತ್ತೊಬ್ಬ ಎಂದು ಎಳೆ ಹಿಡಿದು ಹೋಗಬೇಕು. ಟೆನಿಸ್ ಮಂದಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬಲಿಷ್ಠರು ಮೊದಲೇ ಎದುರಾಗದಂತೆ ಪಟ್ಟಿಯಲ್ಲಿ ದೂರ ದೂರ ಕೂರಿಸುವ ಸೀಡಿಂಗ್ ವಿಂಬಲ್ಡನ್‌ಗೆ ಬಂದದ್ದು 1920ರ ದಶಕದಲ್ಲಿ. ಅಷ್ಟು ಹೊತ್ತಿಗೆ ಮೇಷ್ಟ್ರು ಹೋಗಿ ಕಾಲು ಶತಮಾನ ಕಳೆದಿತ್ತು.

ಕೊಡಗಿಗೆ ಆ ಮದ್ದು ತಂದರೆ ಮೊದಲು ತಡೆಯುವುದು ಮಳೆ. ಕಾಫಿ ಕುಯ್ಲು ಮುಗಿದು, ಶಾಲೆಗೆ ರಜೆ ಬಿದ್ದು, ಮುಂಗಾರು ಇನ್ನೂ ಬಾರದ ಬೇಸಿಗೆಯಲ್ಲೇ ನಾನೂರು ತಂಡ ಆಡಿ ಮುಗಿಸಬೇಕು. ಸೋತವರೂ ಉಳಿದುಕೊಂಡರೆ ಕಟ್ಟಕಡೆಯ ಪಂದ್ಯಗಳನ್ನು ಕೊಡೆ ಹಿಡಿದುಕೊಂಡು ಆಡಬೇಕಾದೀತು.

ಮಳೆ ಎಂದ ಮೇಲೆ ಇಂಚಿನ ಮಾತು ಬಿಡಲಾಗದು. ದೇಶ 1957ರಲ್ಲಿ ಆಣೆ ಬಿಟ್ಟು ನಯಾಪೈಸೆಗೆ ಬಂತು, ಆಮೇಲೆ ಮೈಲಿ ಬಿಟ್ಟು ಕಿಲೋಮೀಟರಿಗೂ ಬಂತು. ಕೊಡಗಿನ ತೋಟಗಾರರ ಮಳೆ ಮಾತ್ರ ಇಂದಿಗೂ ಇಂಚಿನಲ್ಲೇ ಸುರಿಯುತ್ತದೆ, ಇಂಚಿಗೆ ನೂರು ಸೆಂಟು. ಮಾರ್ಚಿನಲ್ಲಿ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ ಯೋಗಕ್ಷೇಮ ವಿಚಾರಿಸುವ ಮೊದಲೇ “ನಿಮ್ಮಲ್ಲಿ ಎಷ್ಟು?” ಎಂಬ ಫೋನು. “ಒಂದು ಇಂಚು ಇಪ್ಪತ್ತು ಸೆಂಟು.” ಆ ಕಡೆ ಒಂದು ನಿಟ್ಟುಸಿರು: “ನಮಗೆ ಮೂವತ್ತೇ ಸೆಂಟು, ಸ್ಪ್ರಿಂಕ್ಲರ್ ಎಳೆಯಬೇಕು.” ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ ಲಕ್ಷಕ್ಕೂ ಮೇಲ್ಪಟ್ಟು ಲೀಟರ್ ನೀರು, ಪುಕ್ಕಟೆ. ರೊಬಸ್ಟಾ ಗಿಡ ಎಂಟು ಹತ್ತು ದಿನಕ್ಕೆ ಬೆಳ್ಳಗೆ ಅರಳುತ್ತದೆ. ಅಳತೆ ಗಾಜಿನಲ್ಲಿ ಓದಿದ ಅಂಕಿ ತೋಟದ ಪುಸ್ತಕಕ್ಕೆ ಹೋಗುತ್ತದೆ, ತಾತ ಬರೆದದ್ದರ ಕೆಳಗೆ ಮೊಮ್ಮಗ ಬರೆಯುತ್ತಾನೆ.

ಈ ಗೀಳೂ ಬಿಲಾತಿಯದೇ. 1860ರಲ್ಲಿ ಜಾರ್ಜ್ ಸೈಮನ್ಸ್ ಎಂಬ ಲಂಡನ್ನಿನ ಯುವಕ ಪಾದ್ರಿಗಳು, ಡಾಕ್ಟರುಗಳು, ಜಮೀನುದಾರರಿಗೆಲ್ಲ ಪತ್ರ ಬರೆದು, ದಿನಾ ಬೆಳಿಗ್ಗೆ ಮಳೆ ಅಳೆದು ತಿಳಿಸಿ ಎಂದು ಕೇಳಿಕೊಂಡ. ಸಂಬಳವಿಲ್ಲ. ಅವನು 1900ರಲ್ಲಿ ಸಾಯುವ ಹೊತ್ತಿಗೆ ಹಾಗೆ ಅಳೆಯುವವರು ಮೂರು ಸಾವಿರ ದಾಟಿದ್ದರು. ಹವೆಯ ಬಗ್ಗೆ ಸುಮ್ಮನೆ ಮಾತಾಡುವುದನ್ನು ಆಂಗ್ಲರಿಂದ ಎಲ್ಲರೂ ಕಲಿತರು. ಅಳೆದು ಬರೆದಿಡುವುದನ್ನು ಕಲಿತು ಉಳಿಸಿಕೊಂಡವರು ಕಡಿಮೆ, ಅವರಲ್ಲಿ ನಮ್ಮ ತೋಟದವರೂ ಸೇರಿದ್ದಾರೆ.

ಇನ್ನು ಡಾಡ್ಜ್‌ಸನ್‌ರ ಬಗ್ಗೆ ನನಗಿರುವ ಒಂದು ತಕರಾರು. ಬಹುಮಾನ ಒಂದಿಷ್ಟೂ ತಪ್ಪಿ ಹೋಗಬಾರದು ಎಂದು ಹಟ ಹಿಡಿದ ಇದೇ ಮನುಷ್ಯ ಆಲಿಸ್‌ನಲ್ಲಿ ಒಂದು ಓಟದ ಪಂದ್ಯ ಇಟ್ಟಿದ್ದಾರೆ. ಅಲ್ಲಿ ಮನಸ್ಸು ಬಂದಾಗ ಓಡುತ್ತಾರೆ, ಸಾಕೆನಿಸಿದಾಗ ನಿಲ್ಲುತ್ತಾರೆ, ಕೊನೆಗೆ ಎಲ್ಲರೂ ಗೆದ್ದರೆಂದು ತೀರ್ಪು, ಎಲ್ಲರಿಗೂ ಬಹುಮಾನ. ಹೊತ್ತಗೆ ಬರೆದವರು ಗಣಿತದ ಮೇಷ್ಟ್ರು, ಓಟ ಇಟ್ಟವರು ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಕಥೆ ಹೇಳಿದವರು. ನಾಪೋಕ್ಲುವಿನ ಮೈದಾನಕ್ಕೆ ಕರೆತಂದಿದ್ದರೆ ಇವರಿಬ್ಬರಲ್ಲಿ ಯಾರು ಬಾಯಿ ಬಿಡುತ್ತಿದ್ದರೋ. ಮೇಷ್ಟ್ರೇ ಆದರೆ ಇನ್ನೊಂದು ಇಕ್ಕಟ್ಟು ಕಾದಿತ್ತು. ಈ ಕಪ್ಪಿಗೆ ಗೆದ್ದವರ ಹೆಸರೇ ಇಲ್ಲ. ಪಾಂಡಂಡ, ಕುಂಡ್ಯೋಳಂಡ, ಮುದ್ದಂಡ ಎಂಬುದೆಲ್ಲ ಖರ್ಚು ಹೊತ್ತು, ಪೆಂಡಾಲ್ ಹಾಕಿಸಿ, ಊಟಕ್ಕಿಕ್ಕಿ ನಡೆಸಿಕೊಟ್ಟ ಮನೆತನಗಳ ಹೆಸರು. ಹತ್ತು ವರ್ಷದ ಹಿಂದೆ ಎರಡನೇ ಬಹುಮಾನ ಯಾರಿಗೆ ಬಂತು ಎಂದು ಕೇಳಿದರೆ ತಡಬಡಿಸುವವರು, ಆ ವರ್ಷ ಯಾರ ನಮ್ಮೆ ಎಂದರೆ ತಟ್ಟನೆ ಹೇಳುತ್ತಾರೆ. ಫೈನಲ್ ಮುಗಿದ ಸಂಜೆಯೂ ಅಷ್ಟೆ, ಟ್ರೋಫಿ ಎತ್ತಿದವರ ಸುತ್ತ ಒಂದು ಗುಂಪಿದ್ದರೆ, ಮುಂದಿನ ವರ್ಷದ ನಮ್ಮೆಯನ್ನು ತಲೆಯ ಮೇಲೆ ಹೊತ್ತ ಕುಟುಂಬದ ಸುತ್ತ ಇನ್ನೊಂದು ಗುಂಪು, ಯಾವ ಮೈದಾನ, ಯಾವ ತಾರೀಖು, ಗ್ಯಾಲರಿಗೆ ಎಷ್ಟು ಖರ್ಚು ಎಂದು ವಿಚಾರಿಸುತ್ತಿರುತ್ತದೆ.