ಹಿಡಿ ಇರೋ ಗುಂಡುಕಲ್ಲು

ಜಯನಗರ 4ನೇ ಬ್ಲಾಕಿನ ಒಂದು ಅಂಗಡಿಯಲ್ಲಿ 'ಫಂಕ್ಷನಲ್ ಟ್ರೈನಿಂಗ್ ಸಾಮಾನು' ಅಂದಿದ್ದೇ ತಡ, ಹುಡುಗ ಬ್ಯಾಟಲ್ ರೋಪಿನಿಂದ ಶುರು ಮಾಡಿದ. ಆ ಹಗ್ಗ ಬೀಸೋಕೆ ನಮ್ಮ ಹಾಲ್ ಸಾಲದು, ಪಕ್ಕದ ಮನೆಯವರದ್ದೂ ಕೇಳಬೇಕು :) ನಾವಿರೋದು ಬನಶಂಕರಿ ಎರಡನೇ ಹಂತದಲ್ಲಿ, ಬಾಡಿಗೆಗೆ, ಮೊದಲನೇ ಮಹಡಿ. ಕೆಳಗೆ ಓನರ್.

ಹೆಸರು ದೊಡ್ಡದು, ಅರ್ಥ ಇಷ್ಟೇ: ದಿನದ ಕೆಲಸದ ಚಲನೆಗಳಿಗೆ ಬಲ ತರೋದು. ಕೂತು ಏಳೋದು, ಬಗ್ಗಿ ಎತ್ತೋದು, ಹೊತ್ತು ನಡೆಯೋದು. ಗರಡಿಯ ದಂಡ, ಬಸ್ಕಿ, ಗದೆ ಮಾಡ್ತಿದ್ದದ್ದೂ ಇದನ್ನೇ ತಾನೇ? ಇದೇ ಬೆಂಗಳೂರಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ (ಹೌದು, 'ಶಾಂತಲಾ' ಬರೆದವರೇ) 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದಿದ್ದರು. ಅದಕ್ಕೆ ಬೇಕಾದ ಸಲಕರಣೆ ಒಂದು ಚಾಪೆ!

ಆದರೆ ನಮ್ಮ ಅಮ್ಮನಿಗೆ ಚಾಪೆಯಿಂದ ಏಳೋದೇ ಕಷ್ಟ. ವಯಸ್ಸು 68. ದೇವರ ಮನೆಯಲ್ಲಿ ಕೂತರೆ ಏಳೋಕೆ ಗೋಡೆ ಹುಡುಕ್ತಿದ್ದಳು, ಆಮೇಲೆ ಕೂರೋದನ್ನೇ ಬಿಟ್ಟಳು. ಫಿಸಿಯೋಥೆರಪಿಸ್ಟ್ ಒಬ್ಬರು ಎದೆ ಮೇಲೆ ಕೈ ಕಟ್ಟಿಸಿ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳ್ತಾಳೆ ಅಂತ ಎಣಿಸಿದರು. ಐದು. "ತೊಡೆಗೆ ಬಲ ಬರಬೇಕಮ್ಮ, ಇಲ್ಲಾಂದ್ರೆ ಎಲ್ಲಾದ್ರೂ ಬೀಳ್ತೀರಿ" ಅಂದರು. ಆಟೋದಲ್ಲಿ ಮನೆ ತಲುಪೋವರೆಗೂ ಅಮ್ಮ ಮಾತಾಡಲಿಲ್ಲ.

ಹಾಗಾಗಿ ಇಬ್ಬರಿಗೂ ಆಗೋದನ್ನ ಆರಿಸಬೇಕಿತ್ತು. ತಂದದ್ದು ಕೆಟಲ್‌ಬೆಲ್. ರಷ್ಯಾದ ಹಳೇ ಅಳತೆ 'ಪೂದ್' ಅಂದ್ರೆ ಸುಮಾರು 16 ಕೆಜಿ. 8, 16, 24 ಅನ್ನೋ ಲೆಕ್ಕ ಅಲ್ಲಿಂದಲೇ ಬಂದದ್ದು. ನನಗೆ 16, ಮೆಟ್ಟಿಲು ಹತ್ತಿಸೋ 20 ಲೀಟರ್ ನೀರಿನ ಕ್ಯಾನಿಗೆ ಹತ್ತಿರ ಅಂತ. ಅಮ್ಮನಿಗೆ 4. ಸಿಮೆಂಟ್ ತುಂಬಿದ ಪ್ಲಾಸ್ಟಿಕ್ಕಿನದ್ದು ಅಗ್ಗ, ಆದರೆ ಅದೇ ತೂಕಕ್ಕೆ ಡುಮ್ಮಗಿರುತ್ತೆ, ಮುಂಗೈಗೆ ಒತ್ತುತ್ತೆ. ಎರಕದ ಕಬ್ಬಿಣದ್ದೇ ತಗೊಳ್ಳಿ. ಹಿಡಿಯ ಒಳಗಡೆ ಬೆರಳಾಡಿಸಿ ನೋಡಿ, ಎರಕದ ಗೆರೆ ಉಳಿದಿದ್ರೆ ಅಂಗೈ ಕಿತ್ತುಬರುತ್ತೆ.

ರಬ್ಬರ್ ಬ್ಯಾಂಡ್ ಎರಡು ತಂದೆ. ಬಾಗಿಲಿಗೆ ಸಿಕ್ಕಿಸೋರು, ಎಳೆದಾಗ ಬಾಗಿಲು ಮುಚ್ಚಿಕೊಳ್ಳೋ ಕಡೆ ನಿಂತು ಎಳೀಬೇಕು. ಬಿಸಿಲಿಗೆ ಬಿಟ್ಟರೆ ಬಿರುಕು ಬಿಟ್ಟು ಮುಖಕ್ಕೇ ಹೊಡೆಯುತ್ತೆ. ಕೆಳಗೆ ದಪ್ಪ ರಬ್ಬರ್ ಮ್ಯಾಟ್, ಓನರ್ ನಿದ್ದೆಗೋಸ್ಕರ. ಟ್ರೆಡ್‌ಮಿಲ್ ಬೇಡ ಅಂದೆ, ನಡೆಯೋಕೆ ಲಾಲ್‌ಬಾಗ್ ಇದೆಯಲ್ಲ.

"ಇದೇನೋ, ಒರಳುಗುಂಡಿಗೆ ಹಿಡಿ ಹಾಕಿಸ್ಕೊಂಡು ಬಂದಿದೀಯ?" ಅಂದಳು ಅಮ್ಮ. ಮೊದಲ ತಿಂಗಳು ಮುಟ್ಟಲಿಲ್ಲ. ಊಟದ ಕುರ್ಚಿ ಮೇಲೆ ಎರಡು ದಿಂಬು ಹಾಕಿ ಎದ್ದು ಕೂತಳು, ಆಮೇಲೆ ಒಂದು ದಿಂಬು, ಆಮೇಲೆ ಬರೀ ಕುರ್ಚಿ. ಈಗ 4 ಕೆಜಿ ಎದೆಗೆ ಅವುಚಿಕೊಂಡು ಹತ್ತು ಸಲ ಏಳ್ತಾಳೆ, ನಾನು ಎಣಿಸೋದು ಒಂದು ತಪ್ಪಿದರೂ ಜಗಳ.

6 ಕೆಜಿಯದ್ದು ಬೇಕಂತೆ. ಹಾಗೇ, ಬಸವನಗುಡಿ, ಜೆಪಿ ನಗರದ ಕಡೆ ಚಿಕ್ಕ ಮರದ ಗದೆ ಕಡೆದುಕೊಡೋರು ಯಾರಾದ್ರೂ ಗೊತ್ತಿದ್ರೆ ತಿಳಿಸ್ರಪ್ಪಾ.