ನೀಲಿ ಕೇಬಲ್ ಎಲ್ಲಿಗೆ ಹೋಗುತ್ತದೆ?

ಸಿಸಿ ಕ್ಯಾಮೆರಾದ ದೃಶ್ಯ ಕೇಳಿಕೊಂಡು ಹೋದ ಕಡೆಯೆಲ್ಲ ನಮಗೆ ಸಿಗುವ ಮಾಮೂಲಿ ಉತ್ತರ ಒಂದಿದೆ: 'ಅವತ್ತು ನೆಟ್‌ವರ್ಕ್ ಇರಲಿಲ್ಲ ಸಾರ್, ರೆಕಾರ್ಡ್ ಆಗಿಲ್ಲ.' ಈಚೆಗೆ ಒಂದು ಕಚೇರಿಯಲ್ಲಿ ರೈತರೊಬ್ಬರನ್ನು ಕೊರಳಪಟ್ಟಿ ಹಿಡಿದು ಆಚೆ ತಳ್ಳಿದರು ಎಂಬ ದೂರಿನ ಬೆನ್ನು ಹತ್ತಿ ಹೋದಾಗಲೂ ಇದೇ ಮಾತು. ಸರ್ವರ್ ರೂಮಿನ ಬಾಗಿಲು ತೆರೆದೇ ಇತ್ತು. ನಮ್ಮ ಜೊತೆಗಿದ್ದ ಸ್ಟ್ರಿಂಗರ್ ಗೆಳೆಯ ಬಿಡುವಿನಲ್ಲಿ ಕ್ಯಾಮೆರಾ ಫಿಟ್ಟಿಂಗ್ ಕೆಲಸವನ್ನೂ ಮಾಡುತ್ತಾನೆ. (ಸುದ್ದಿಗೆ ಬರುವ ದುಡ್ಡು ಪೆಟ್ರೋಲಿಗೂ ಸಾಲದು, ಅದು ಬೇರೆ ಕಥೆ.) ಅವನು ಇಣುಕಿ ನೋಡಿ, 'ಇದಕ್ಕೂ ನೆಟ್‌ವರ್ಕಿಗೂ ಏನೂ ಸಂಬಂಧ ಇಲ್ಲ ಕಣ್ರೋ' ಎಂದ.

ನಮ್ಮ ಕಣ್ಣಿಗೆ ಕಂಡದ್ದು ಕಂಪ್ಯೂಟರಿಗೆ ಎಳೆಯುವ ಅದೇ ನೀಲಿ ಕ್ಯಾಟ್-5 ಕೇಬಲ್. ಆದರೆ ಅದು ಸ್ವಿಚ್ಚಿಗೆ ಹೋಗಿರಲಿಲ್ಲ. ತುದಿಯಲ್ಲಿ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ತುಂಡೊಂದಿತ್ತು, ಅಲ್ಲಿಂದ ನೇರ ಡಿವಿಆರ್‌ಗೆ. ಆ ತುಂಡಿನ ಹೆಸರು ಬಾಲನ್. ಅನಲಾಗ್ ಕ್ಯಾಮೆರಾದ ಸಿಗ್ನಲ್ ಹರಿಯಬೇಕಾದದ್ದು 75 ಓಮ್‌ನ ದಪ್ಪ ಕೋಆಕ್ಸ್ ಕೇಬಲ್ಲಿನಲ್ಲಿ. ಕ್ಯಾಟ್-5ರ ಜೋಡಿ ತಂತಿ 100 ಓಮ್‌ನದು. ಇವೆರಡನ್ನು ಹೊಂದಿಸುವ ಮಧ್ಯವರ್ತಿ ಈ ಬಾಲನ್. ಕ್ಯಾಮೆರಾ ಕಡೆ ಒಂದು, ಡಿವಿಆರ್ ಕಡೆ ಒಂದು. ಅದು ಒಂದೇ ಚಿತ್ರವನ್ನು ಎರಡು ತಂತಿಗಳಲ್ಲಿ ಒಂದಕ್ಕೊಂದು ಉಲ್ಟಾ ಮಾಡಿ ಕಳಿಸುತ್ತದೆ. ಪಕ್ಕದ ಯುಪಿಎಸ್, ಕರೆಂಟ್ ವೈರುಗಳ ಗಲಾಟೆ ಎರಡೂ ತಂತಿಗೆ ಸಮನಾಗಿ ಬಡಿಯುವುದರಿಂದ, ಆ ತುದಿಯಲ್ಲಿ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡರೆ ಗಲಾಟೆ ಕಳೆದುಹೋಗುತ್ತದೆ. ತಂತಿಗಳನ್ನು ಜಡೆಯಂತೆ ಹೆಣೆದಿರುವುದು ಇದಕ್ಕೇ. ಟೆಲಿಫೋನಿಗಾಗಿ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದ ಉಪಾಯ! ಕೇಬಲ್ಲಿನೊಳಗೆ 4 ಜೋಡಿ, ಅಂದರೆ 4 ಕ್ಯಾಮೆರಾಕ್ಕೆ ಒಂದೇ ಕೇಬಲ್ ಸಾಕು. ಗುತ್ತಿಗೆದಾರರಿಗೆ ಇದು ಇಷ್ಟವಾಗಲು ಬೇರೆ ಕಾರಣ ಬೇಕಿಲ್ಲ.

ಹೀಗೆ ಕಟ್ಟಿದ ವ್ಯವಸ್ಥೆಯಲ್ಲಿ ಇಂಟರ್ನೆಟ್ ಹೋದರೆ ಸಾಹೇಬರು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಲಾಗುವುದಿಲ್ಲ, ಅಷ್ಟೇ. ಡಿವಿಆರ್‌ನ ಹಾರ್ಡ್‌ಡಿಸ್ಕಿನಲ್ಲಿ ರೆಕಾರ್ಡ್ ಆಗುವುದು ಅದರ ಪಾಡಿಗೆ ನಡೆದಿರುತ್ತದೆ. ಐಪಿ ಕ್ಯಾಮೆರಾ ಆದರೆ ಮಾತು ಬೇರೆ. ಅದಕ್ಕೂ ಇದೇ ಕೇಬಲ್, ಆದರೆ ನಡುವೆ ಸ್ವಿಚ್ ಇರುತ್ತದೆ, ಸ್ವಿಚ್ ಕೆಟ್ಟರೆ ರೆಕಾರ್ಡಿಂಗೂ ನಿಲ್ಲಬಹುದು. ಹಾಗಾಗಿ ಕೇಬಲಿನ ಬಣ್ಣ ನೋಡಿ ಪ್ರಯೋಜನವಿಲ್ಲ, ಅದು ಎಲ್ಲಿ ಹೋಗಿ ಮುಟ್ಟುತ್ತದೆ ಅಂತ ನೋಡಬೇಕು.

ಇದೆಲ್ಲ ಟೆಕ್ನಿಷಿಯನ್ನರ ತಲೆನೋವು ಎಂದು ನಮ್ಮಲ್ಲಿ ಕೆಲವರು ಗೊಣಗಿದ್ದುಂಟು. ನಾವು ಒಪ್ಪುವುದಿಲ್ಲ. ಎಲ್ಲ ಪೊಲೀಸ್ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು, ಅಷ್ಟು ಉಳಿಸುವ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಇಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದೆ. ಠಾಣೆಯಲ್ಲಿ ಪೆಟ್ಟು ತಿಂದವನ ಪರ ಸಾಕ್ಷಿ ಹೇಳುವವರು ಎಷ್ಟು ಜನ? ಗೋಡೆಯ ಮೇಲಿನ ಕ್ಯಾಮೆರಾ ಬಿಟ್ಟರೆ ಯಾರೂ ಇಲ್ಲದ ಪ್ರಕರಣಗಳೇ ಹೆಚ್ಚು.

ಕ್ಯಾಮೆರಾದಿಂದ ಚಿತ್ರ ಬರುವುದು ನಿಂತರೆ ಡಿವಿಆರ್ ಅದನ್ನು 'ವಿಡಿಯೊ ಲಾಸ್' ಎಂದು ಗಂಟೆ, ನಿಮಿಷದ ಸಮೇತ ತನ್ನ ಲಾಗಿನಲ್ಲಿ ಬರೆದಿಡುತ್ತದೆ ಎಂದು ಗೆಳೆಯ ಹೇಳಿದ. ಆ ಕಚೇರಿಗೆ ಹಾಕಿದ ಆರ್‌ಟಿಐ ಅರ್ಜಿಯಲ್ಲಿ ದೃಶ್ಯದ ಜೊತೆಗೆ ಆ ದಿನದ ಲಾಗನ್ನೂ ಕೇಳಿದೆವು. 30 ದಿನ ಕಳೆದರೂ ಉತ್ತರವಿಲ್ಲ. ಹಾರ್ಡ್‌ಡಿಸ್ಕ್ ತುಂಬಿದರೆ ಹಳೆಯದರ ಮೇಲೆಯೇ ಹೊಸದು ಬರೆಯುತ್ತಾ ಹೋಗುತ್ತದೆ. ಮೊದಲ ಮೇಲ್ಮನವಿ ಈ ಸೋಮವಾರ ಕೊಡುತ್ತಿದ್ದೇವೆ.