ಜೀಪಿನ ಹೆಡ್ಡು

ತನ್ನ ತಲೆಯನ್ನು ತಾನೇ ಆರಿಸಿಕೊಳ್ಳುವ ಭಾಗ್ಯ ಮನುಷ್ಯನಿಗಿಲ್ಲ, ಜೀಪಿಗುಂಟು. ಈ ತತ್ತ್ವವನ್ನು ನನಗೆ ಬೋಧಿಸಿದವರು ನಮ್ಮ ಭಾವನವರು. ಗಾಳಿಬೀಡಿನ ಏರಿನಲ್ಲಿ ನಮ್ಮ ತಂದೆಯ ಕಾಲದ ಜೀಪು ಏದುಸಿರು ಬಿಡುವುದನ್ನು ಕೇಳಿ, "ಹೆಡ್ಡು ಬದಲಾಯಿಸು ಮಾರಾಯ, ರೇಸಿನವರು ಹಾಕುವಂಥದು ಬೆಂಗಳೂರಿನಲ್ಲಿ ಸಿಗುತ್ತದೆ" ಎಂದರು. ಕನ್ನಡದ 'ಹೆಡ್ಡ'ನಿಗೂ ಸಿಲಿಂಡರಿನ ಹೆಡ್ಡಿಗೂ ಭಾಷಾಶಾಸ್ತ್ರದಲ್ಲಿ ನಂಟಿಲ್ಲ. ವಿಚಾರಿಸದೆ ಕೊಂಡವನ ಪಾಲಿಗೆ ಮಾತ್ರ ನಂಟು ತಾನಾಗಿ ಬೆಳೆಯುತ್ತದೆ. ಆದುದರಿಂದ ವಿಚಾರಿಸಹೊರಟೆ.

ಸಿಲಿಂಡರಿನ ಮೇಲ್ಮುಚ್ಚಳವೇ ಹೆಡ್ಡು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಅದರಡಿಯಲ್ಲಿ ಒತ್ತಿ ಉರಿದು ಶಕ್ತಿಯಾಗುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ವಾಲ್ವುಗಳೆಲ್ಲ ಕೆಳಗಿನ ಬ್ಲಾಕಿನಲ್ಲಿದ್ದವು. ಶಕ್ತಿ ಸುಮಾರು 60 ಅಶ್ವ. ಮುಂದೆ, ಮಿಶ್ರಣವನ್ನು ಒಳಬಿಡುವ ವಾಲ್ವನ್ನು ಮೇಲಿನ ಹೆಡ್ಡಿಗೇರಿಸಿದರು. ಅಷ್ಟೇ ಗಾತ್ರದ ಎಂಜಿನ್ 70ನ್ನು ದಾಟಿತು. 1953ರ ಸಿಜೆ-3ಬಿ ಜೀಪಿನ ಬಾನೆಟ್ ಎತ್ತರವಾದದ್ದು ಈ ಎತ್ತರದ ಎಂಜಿನ್ನಿಗೆ ಎಡೆಮಾಡಿಕೊಡಲೆಂದೇ. ಮಹೀಂದ್ರಾದವರು ಅದನ್ನು ದಶಕಗಳ ಕಾಲ ನಮ್ಮಲ್ಲಿ ತಯಾರಿಸಿದರು. ನಮ್ಮ ಜೀಪೂ ಅದೇ ಕುಲದ್ದು.

ಮಡಿಕೇರಿಯ ವೃದ್ಧ ಮೆಕ್ಯಾನಿಕರೊಬ್ಬರು ನನ್ನ ಮಾತನ್ನೆಲ್ಲ ಕೇಳಿ ನಕ್ಕರು. "ಮೇಷ್ಟ್ರೇ, ಈ ಎಂಜಿನ್ನಿನಲ್ಲಿ ಒಳಬರುವ ಬಾಗಿಲು ಹೆಡ್ಡಿನಲ್ಲಿ, ಹೊಗೆ ಹೋಗುವ ಬಾಗಿಲು ಬ್ಲಾಕಿನಲ್ಲಿ. ಹೆಡ್ಡನ್ನಷ್ಟೇ ಬದಲಾಯಿಸಿದರೆ ನೆಂಟರು ಬರುವ ಬಾಗಿಲು ಹಿರಿದಾಯಿತು. ಹೊರಡುವ ಬಾಗಿಲು ಹಾಗೆಯೇ ಉಳಿಯಿತು." ಹಿರಿದಾದ ದಾರಿ ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ ಉಪಕಾರಿ, ನಿಧಾನವಾಗಿ ತಿರುಗುವಾಗ ಅದರೊಳಗೆ ಮಿಶ್ರಣದ ಹರಿವು ಮಂದವಾಗಿ ಎಳೆತ ಕುಗ್ಗುತ್ತದೆ. ಹೆಡ್ಡನ್ನು ಹೆರೆದು ಒತ್ತಡವನ್ನು ಮಿತಿಮೀರಿ ಏರಿಸಿದರೋ, ಎಂಜಿನ್ ಕುಟ್ಟತೊಡಗುತ್ತದೆ. ಕೊನೆಗೆ ಅವರು ಕೇಳಿದರು: "ನಿಮ್ಮ ಜೀಪು ಓಡಬೇಕೋ, ಹತ್ತಬೇಕೋ?"

ನನಗೆ ಕಳೆದ ಕಕ್ಕಡದ ಒಂದು ರಾತ್ರಿ ನೆನಪಾಯಿತು. ಎದೆನೋವಿನಿಂದ ನರಳುತ್ತಿದ್ದ ಅಮ್ಮನನ್ನು ಸುರಿಯುವ ಮಳೆಯಲ್ಲಿ ಆಸ್ಪತ್ರೆಗೆ ಮುಟ್ಟಿಸಿದ್ದು ಈ ಜೀಪೇ. ಕೆಸರಿನ ಏರಿನಲ್ಲಿ ಅಂದು ನಮಗೆ ಬೇಕಾಗಿದ್ದುದು ವೇಗವಲ್ಲ, ನಿಲ್ಲದ ಎಳೆತ.

ಮೂಲದ ಮಾದರಿಯ ಹೆಡ್ಡನ್ನೇ ಕೊಂಡೆವು. ಕೊಳ್ಳುವ ಮುನ್ನ ಮೆಕ್ಯಾನಿಕರು ಅದರ ಮೈಮೇಲೆ ನೇರಪಟ್ಟಿಯಿಟ್ಟು ಸೊಟ್ಟವಿದೆಯೇ ಎಂದು ನೋಡಿದರು, ಬಿರುಕಿಗಾಗಿ ತಡಕಿದರು, ವಾಲ್ವು ಕೂರುವ ಅಂಚುಗಳನ್ನು ಪರೀಕ್ಷಿಸಿದರು. ವಧುಪರೀಕ್ಷೆಗಳಲ್ಲಿಯೂ ನಾನು ಅಷ್ಟು ಶ್ರದ್ಧೆಯನ್ನು ಕಂಡಿಲ್ಲ. ಉಳಿದ ಹಣ ಟಯರಿಗಾಯಿತು. ಭಾವನವರಿಗೆ ಸ್ವಲ್ಪ ನಿರಾಶೆಯೇ. ಏರಿನಲ್ಲಿ ಜೀಪು ಈಗಲೂ ಅಮ್ಮನಷ್ಟೇ ನಿಧಾನ. ಅವರಂತೆಯೇ, ನಡುದಾರಿಯಲ್ಲಿ ಕೈಬಿಡುವುದಿಲ್ಲ.